ಚೀಲಕ್ಕಿಷ್ಟು, ತೇವಕ್ಕಿಷ್ಟು

ತೂಕ ಜಾಸ್ತಿಯಾಗಿದೆ ಎಂದು ಡಾಕ್ಟರು ಹೇಳಿದಾಗ ನನಗೆ ಥಟ್ಟನೆ ಅನುಮಾನ ಬಂದದ್ದು ಅವರ ತಕ್ಕಡಿಯ ಮೇಲೆ. ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು, ಬೇರೆಯವರ ತಕ್ಕಡಿಯನ್ನು ನಂಬಿ ಗೊತ್ತಿಲ್ಲ. ಡಾಕ್ಟರು ನನ್ನ ಎತ್ತರ, ತೂಕ ಎರಡನ್ನೂ ಮೊಬೈಲಿಗೆ ಒತ್ತಿದರು. ಅದು ಕೆಂಪಗಾಯಿತು.

ಪಕ್ಕದಲ್ಲಿ ನನ್ನ ಹೆಂಡತಿ ಕೂತಿದ್ದಳು, ಅದೇ ಆದ ಎಡವಟ್ಟು. ಮನೆಗೆ ಬಂದವಳೇ ನನ್ನ ತಟ್ಟೆಯಿಂದ ತೆಂಗಿನಕಾಯಿಯನ್ನು ಗಡೀಪಾರು ಮಾಡಿದಳು. ಅಂಗಡಿ ತುಂಬ ಕೊಬ್ಬರಿ, ತಲೆಗೆ ಹಚ್ಚುವುದೂ ಅದರದ್ದೇ ಎಣ್ಣೆ, ಆದರೆ ಇಡ್ಲಿಗೆ ಟೊಮೆಟೊ ಚಟ್ನಿ! ಹುರುಳಿಕಾಯಿ ಪಲ್ಯ ಕಾಯಿತುರಿ ಇಲ್ಲದೆ ಬೋಳುಬೋಳಾಗಿ ಬಂದು ಕೂತಾಗ ನನಗೆ ಅಳುವುದೊಂದು ಬಾಕಿ.

"ಆ ಮೊಬೈಲಿನ ಲೆಕ್ಕವೇ ಸರಿ ಇಲ್ಲ ಕಣೇ. ನಾನೇ ಒಂದು ಪ್ರೋಗ್ರಾಂ ಬರೀತೀನಿ, ನೋಡ್ತಿರು" ಅಂದುಬಿಟ್ಟೆ.

"ಬರೀರಿ. ಅದು ನಿಮ್ಮ ತೂಕ ಸರಿ ಅಂದ್ರೆ ನಾಳೆಯಿಂದ್ಲೇ ಕಾಯಿ ತುರೀತೀನಿ" ಅಂದಳು.

ಅಂಗಡಿಯ ಕಂಪ್ಯೂಟರಿನಲ್ಲಿ ಅಲ್ಲಿಯವರೆಗೆ ನಾನು ಮಾಡಿದ್ದು ಎರಡೇ ಕೆಲಸ: ಬಿಲ್ಲು ಹಾಕುವುದು, ಇಸ್ಪೀಟು ಆಡುವುದು. ಮೊಬೈಲಿನಲ್ಲಿ ಪಾಠದ ವಿಡಿಯೋ ಹಚ್ಚಿ ಕೂತೆ. ಪಾಠ ಹೇಳುವ ಹುಡುಗ ನಗುನಗುತ್ತಾ, ಇದನ್ನು ಯಾರು ಬೇಕಾದರೂ ಕಲಿಯಬಹುದು ಅಂದ. ಅವನು ನನ್ನನ್ನು ನೋಡಿರಲಿಲ್ಲ. ಒಂದು ಆವರಣ ಚಿಹ್ನೆ ಮುಚ್ಚುವುದನ್ನು ಮರೆತರೆ ಪರದೆಯ ತುಂಬ ಕೆಂಪು ಅಕ್ಷರಗಳ ಬೈಗುಳ. ವ್ಯಾಪಾರದಲ್ಲಿ ಇಷ್ಟು ಬೈಸಿಕೊಂಡಿದ್ದರೆ ಎಂದೋ ಬಾಗಿಲು ಹಾಕಿಕೊಂಡು ಹೋಗುತ್ತಿದ್ದೆ.

ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಬೇಕು, ಅಷ್ಟೇ ಲೆಕ್ಕ. ಮೊದಲನೇ ಸಲ ಉತ್ತರ ಸೊನ್ನೆಯ ಹತ್ತಿರ ಬಂತು. ನಾನು ಕೆಳಗೆ ಬರೆದಿಟ್ಟಿದ್ದ ಸಾಲನ್ನು ಕಂಪ್ಯೂಟರು ಭಕ್ತಿಯಿಂದ ತೋರಿಸಿತು: "ತೂಕ ಕಡಿಮೆ. ಚೆನ್ನಾಗಿ ಊಟ ಮಾಡಿ." ಕುರ್ಚಿ ನನ್ನ ಭಾರಕ್ಕೆ ಕಿರುಗುಡುತ್ತಿದ್ದರೂ ಒಂದು ಗಳಿಗೆ ನಂಬಿದೆ. ಎತ್ತರವನ್ನು ಮೀಟರಿನಲ್ಲಿ ಕೊಡುವ ಬದಲು ಸೆಂಟಿಮೀಟರಿನಲ್ಲಿ ಕೊಟ್ಟಿದ್ದೆನಂತೆ. ಅದನ್ನು ತಿದ್ದಿದೆ. ಡಾಕ್ಟರ ಮೊಬೈಲಿನಲ್ಲಿ ಬಂದಿದ್ದ ಸಂಖ್ಯೆಯೇ ಬಂತು. ಸರಿಯಾದ ಉತ್ತರ ಬಂದದ್ದಕ್ಕೆ ನನ್ನಷ್ಟು ಬೇಜಾರು ಮಾಡಿಕೊಂಡ ಪ್ರೋಗ್ರಾಮರ್ ಇನ್ನೊಬ್ಬ ಇರಲಾರ.

ಆಗ ವ್ಯಾಪಾರದ ಬುದ್ಧಿ ಎದ್ದು ಕೂತಿತು. ನಮ್ಮಲ್ಲಿ ಕೊಬ್ಬರಿ ಚೀಲವನ್ನು ತಕ್ಕಡಿಗೆ ಇಟ್ಟಾಗ ಬಂದ ತೂಕವನ್ನೇ ಯಾರೂ ಬರೆಯುವುದಿಲ್ಲ. ಚೀಲಕ್ಕೆಂದು ಇಷ್ಟು ಕಳೆಯುತ್ತೇವೆ. ಕೊಬ್ಬರಿ ಇನ್ನೂ ಒಣಗಬೇಕು ಅನ್ನಿಸಿದರೆ ತೇವಕ್ಕೆಂದು ಇನ್ನಷ್ಟು. ಹಾಗಿರುವಾಗ ಡಾಕ್ಟರು ನನ್ನನ್ನು ಪಂಚೆ, ಅಂಗಿ, ಮೊಬೈಲು ಸಮೇತ ತೂಗಿದ್ದು ಯಾವ ನ್ಯಾಯ? ಒಂದು ಸಾಲು ಸೇರಿಸಿ ಚೀಲ ಕಳೆದೆ. ಸಾಲಲಿಲ್ಲ. ಡಾಕ್ಟರ ಹತ್ತಿರ ಹೋಗುವ ಮೊದಲು ಎರಡು ಲೋಟ ಮಜ್ಜಿಗೆ ಕುಡಿದಿದ್ದದ್ದು ನೆನಪಾಯಿತು. ತೇವ ಕಳೆದೆ. ಆಗಲೂ ಸಾಲಲಿಲ್ಲ. ಚೀಲವನ್ನು ಸ್ವಲ್ಪ ದಪ್ಪ ಮಾಡಿದೆ, ತೇವವನ್ನು ಸ್ವಲ್ಪ ಹೆಚ್ಚು ಮಾಡಿದೆ. ಕೊನೆಗೆ ಕಂಪ್ಯೂಟರು, "ತೂಕ ಸರಿಯಾಗಿದೆ. ಅಭಿನಂದನೆಗಳು" ಅಂದಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಸಣ್ಣಗೆ ಕುಣಿದೆ.

ಮಾರನೆಯ ಬೆಳಿಗ್ಗೆ ಹೆಂಡತಿಯನ್ನು ಅಂಗಡಿಗೆ ಕರೆಸಿದೆ. ಅವಳ ಎದುರಿಗೇ ಚೀಲ ತೂಗುವ ತಕ್ಕಡಿ ಹತ್ತಿ, ತೂಕ ನೋಡಿ, ಒತ್ತಿ ತೋರಿಸಿದೆ. ಅಭಿನಂದನೆಗಳು ಬಂದವು. ಅವಳು ಚಪ್ಪಲಿ ಬಿಟ್ಟು ತಾನೂ ತಕ್ಕಡಿ ಹತ್ತಿದಳು. "ನಂದೂ ಹಾಕ್ರಿ."

ಹಾಕಿದೆ. "ತೂಕ ಕಡಿಮೆ. ಚೆನ್ನಾಗಿ ಊಟ ಮಾಡಿ."

"ಅವತ್ತು ಡಾಕ್ಟ್ರು ನನ್ನ ತೂಕ ಸರಿಯಾಗೈತೆ ಅಂದ್ರಲ್ಲ. ಈಗೆಂಗೆ ಕಮ್ಮಿ ಆಯ್ತು?" ಎನ್ನುತ್ತಾ ಪರದೆಯ ಹತ್ತಿರ ಬಗ್ಗಿದಳು. ಪ್ರೋಗ್ರಾಮಿನಲ್ಲಿ ಸಂಖ್ಯೆಗಳಿಗೆ ಇಡುವ ಹೆಸರುಗಳು ಓದಿದ ಕೂಡಲೇ ಅರ್ಥವಾಗುವಂತಿರಬೇಕು ಎಂದು ಪಾಠದ ಹುಡುಗ ಹೇಳಿದ್ದ. ಇಡೀ ಪಾಠದಲ್ಲಿ ನಾನು ಶ್ರದ್ಧೆಯಿಂದ ಪಾಲಿಸಿದ್ದು ಅದೊಂದನ್ನೇ.

"ಇದೇನ್ರೀ, ಚೀಲ?"

"ಬಟ್ಟೆ ಕಣೇ. ಮೊಬೈಲು, ಬೀಗದ ಕೈ, ಎಲ್ಲ ಸೇರಿ."

"ತೇವ?"

"ಮಜ್ಜಿಗೆ."

ಅವಳು ಕೊಬ್ಬರಿ ಚೀಲಕ್ಕೆ ಒರಗಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಹೇಗೋ ಬಚಾವಾದೆ ಅಂದುಕೊಂಡೆ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಕೇಳಿದಳು: "ನಮ್ಮಪ್ಪನ ಕೊಬ್ರಿಗೂ ಇಂಗೇ ಕಳೀತಿದ್ರಿ, ಅಲ್ವಾ?"

ಅವಳ ಅಪ್ಪನದು ದಬ್ಬೇಘಟ್ಟದ ಕಡೆ ತೋಟ. ನಮ್ಮ ಮದುವೆಗೆ ಎಷ್ಟೋ ವರ್ಷ ಮೊದಲಿಂದ ಅವರು ಕೊಬ್ಬರಿ ತರುತ್ತಿದ್ದದ್ದು ನಮ್ಮ ಅಂಗಡಿಗೇ. ಆಗ ತಕ್ಕಡಿಯ ಹತ್ತಿರ ನಿಲ್ಲುತ್ತಿದ್ದವನು ನಾನು.

"ಎಲ್ಲ ಅಂಗಡೀಲೂ ಕಳೀತಾರೆ. ಅದು ಪದ್ಧತಿ" ಅಂದೆ.

"ವರ್ಷ ಪೂರ್ತಿ ಅಟ್ಟದ ಮೇಲೆ ಒಣಗಿರೋದು. ಕಾಯಿ ಅಲ್ಲಾಡಿಸಿದ್ರೆ ಒಳಗೆ ಲೊಟಲೊಟ ಅನ್ನೋದು. ಅದ್ರಾಗೆ ತೇವ ಎಲ್ಲಿಂದ ಬರ್ಬೇಕು? ನಾನೂ ಅಪ್ಪನ ಜೊತೆ ಬತ್ತಿದ್ನಲ್ಲ, ಇಲ್ಲೇ ನಿಂತು ನೋಡ್ತಿದ್ದೆ. ನೀವು ಕಳೀತಾ ಇದ್ರೆ ಅಪ್ಪ ‘ಆಯ್ತು ಬುಡಿ’ ಅಂದು ಸುಮ್ನಾಗೋನು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಸಿಟ್ಟು ಮಾಡಿ ತಪ್ಪಿಸಿಕೊಳ್ಳಬಹುದಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಕೂತು ಎರಡೂ ಸಾಲು ಅಳಿಸಿದೆ. ನನ್ನ ತೂಕವನ್ನು ಇದ್ದದ್ದು ಇದ್ದ ಹಾಗೆ ಕೊಟ್ಟೆ. "ತೂಕ ಜಾಸ್ತಿ. ಊಟದಲ್ಲಿ ಹಿಡಿತವಿರಲಿ" ಎಂದು ಬಂತು. ಯಾರೋ ದಪ್ಪಗಿರುವವರಿಗೆ ಬುದ್ಧಿ ಹೇಳಬೇಕೆಂದು ಆ ಸಾಲನ್ನು ಬರೆದವನೂ ನಾನೇ.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ತಟ್ಟೆಗೆ ಬಿಸಿ ಮುದ್ದೆ ಬಂತು, ಪಕ್ಕದಲ್ಲಿ ಕಾಯಿ ಇಲ್ಲದ ಸೊಪ್ಪಿನ ಸಾರು. ಕೈ ಹಾಕುವಷ್ಟರಲ್ಲಿ ಅವಳು ಎದುರಿಗೆ ಕೂತು, ನನ್ನ ಮುದ್ದೆಯಿಂದ ಒಂದು ತುತ್ತು ಮುರಿದು ತನ್ನ ತಟ್ಟೆಗೆ ಹಾಕಿಕೊಂಡಳು.

"ಇದು ಚೀಲಕ್ಕೆ."

ಇನ್ನೊಂದು, ಸ್ವಲ್ಪ ದೊಡ್ಡದೇ, ಮುರಿದಳು.

"ಇದು ತೇವಕ್ಕೆ. ಬಿಸಿ ಐತಲ್ಲ, ಇನ್ನೂ ಆರಿಲ್ಲ."

ನನ್ನ ಮುದ್ದೆ ಒಂದು ಕಡೆ ಕುಸಿದು ಕೂತಿತ್ತು. ಜೋರಾಗಿ ಹಸಿದಿದ್ದೆ, ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಯ್ತು ಬುಡು" ಅಂದೆ.