ಗುಡ್ಡ ಹತ್ತಿದ ನೀರು

ನಾನು ಮದುವೆಯಾಗಿ ಹಾಸನಕ್ಕೆ ಬಂದಾಗ ಊರಾಚೆಯ ನಮ್ಮ ಹೊಸ ಬಡಾವಣೆಯಲ್ಲಿದ್ದದ್ದು ಹನ್ನೊಂದು ಮನೆ, ಒಂದು ಬಾವಿ. ಹಿಂದೆ ಬೋಳುಗುಡ್ಡ. ಅದರ ನೆತ್ತಿಯ ಮೇಲೆ ಪಾರ್ಕು ಮಾಡುತ್ತಾರಂತೆ ಎಂದರೆ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕವಳೇ. ನಗದವನು ಪುರಸಭೆಯ ಮಾಲಿ ಒಬ್ಬನೇ.

ಆಗೆಲ್ಲ ಅವನ ಜಾತಿಯವರು ನಮ್ಮ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ದಿನಾ ಬೆಳಿಗ್ಗೆ ಎರಡು ಸೀಮೆಎಣ್ಣೆ ಡಬ್ಬ ಇಟ್ಟು ದೂರ ನಿಂತು, “ನಂಗಲ್ಲ ಕಣ್ರವ್ವಾ, ಗಿಡಕ್ಕೆ” ಎನ್ನುತ್ತಿದ್ದ. ನನ್ನ ಅತ್ತೆ ಗೊಣಗುತ್ತಲೇ ಸೇದಿ, ಡಬ್ಬಕ್ಕೆ ಕೊಡ ತಾಕದ ಹಾಗೆ ಎತ್ತರದಿಂದ ಸುರಿಯುತ್ತಿದ್ದರು. ಅವನು ಡಬ್ಬಗಳನ್ನು ಅಡ್ಡೆಯ ಎರಡು ತುದಿಗೆ ತೂಗುಹಾಕಿ ಹೊತ್ತು, ಹನಿ ಚೆಲ್ಲದೆ ಗುಡ್ಡ ಹತ್ತುತ್ತಿದ್ದ.

ಒಂದು ಬೇಸಿಗೆಯಲ್ಲಿ ಅವನು ಕಾಣಲಿಲ್ಲ. ಚಳಿಜ್ವರವಂತೆ. ಮೂರನೆಯ ದಿನ ಅತ್ತೆ ತಾವೇ ಕೊಡ ಸೊಂಟಕ್ಕಿಟ್ಟು, “ಏಳಮ್ಮಿ, ನೀನೂ ಒಂದ್ ಕೊಡ ಎತ್ಕೊ. ಇಷ್ಟ್ ದಿನ ಹುಯ್ದಿದ್ ನೀರೆಲ್ಲಾ ದಂಡ ಆಯ್ತದೆ” ಅಂದರು. ಏದುಸಿರು ಬಿಡುತ್ತಾ ಹತ್ತಿದೆವು. ಬಂಡೆಗಳ ನಡುವೆ ಸಾಲು ಸಾಲು ಪಾತಿ, ಪಾತಿಗೊಂದು ಮೊಣಕಾಲೆತ್ತರದ ಹೊಂಗೆ. ಅತ್ತೆ ಕೊಡ ಇಳಿಸಿ, ಚೆಂಬಿನಲ್ಲಿ ಒಂದೊಂದೇ ಪಾತಿಗೆ ನೀರು ಹಾಕುತ್ತಾ ಹೋದರು. ಆಮೇಲೆ ದಿನವೂ ಹತ್ತಿದೆವು.

ಒಂದು ಬೆಳಿಗ್ಗೆ ನಾವು ನೀರು ಹಾಕುತ್ತಿದ್ದಾಗ ಅವನು ಕೋಲೂರಿಕೊಂಡು ಮೇಲೆ ಬಂದ. ಒದ್ದೆ ಪಾತಿಗಳನ್ನು ನೋಡಿದ. ಅತ್ತೆ ಕೊಡದಿಂದ ಚೆಂಬಿಗೆ ಬಗ್ಗಿಸಿ, ಚೆಂಬನ್ನೇ ಅವನ ಕೈಗಿಟ್ಟರು. ಅವನು ಅಭ್ಯಾಸದಂತೆ ಗಿಡದ ಕಡೆ ತಿರುಗಿದ.

“ಅದು ಗಿಡಕ್ಕಲ್ಲ ಕಣಪ್ಪಾ, ನಿಂಗೆ. ಕುಡಿ.”

ಕುಡಿದ. ಕೊನೆಯ ಗುಟುಕನ್ನು ಮಾತ್ರ ಹೊಂಗೆಯ ಬುಡಕ್ಕೆ ಹುಯ್ದ.