ಗುಂಡ್ಲಗುಟ್ಟಕ್ಕೆ ತನ್ನದೇ ಪಂಚಾಯಿತಿ

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಮುಳಬಾಗಿಲು ಸೀಮೆಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದೆ. ಪಿಡಿಒ ಎಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಹೆಸರು ದೊಡ್ಡದು, ಕೆಲಸ ಮಾತ್ರ ಬೀದಿದೀಪದಿಂದ ಬೋರ್‌ವೆಲ್ ಮೋಟಾರಿನವರೆಗೆ ಎಲ್ಲದಕ್ಕೂ ಬೈಸಿಕೊಳ್ಳುವುದು. ಊರುಗಳ ಹೆಸರನ್ನು ಇಲ್ಲಿ ಬದಲಿಸಿದ್ದೇನೆ. ನನ್ನ ತಪ್ಪನ್ನು ಬದಲಿಸಿಲ್ಲ.

ಪಂಚಾಯಿತಿ ಕಚೇರಿ ಇದ್ದದ್ದು ಕೆಂಚನಪಲ್ಲಿಯಲ್ಲಿ. ಕೆರೆ ದಾಟಿ, ಬಂಡೆಗಳ ಗುಡ್ಡ ಸುತ್ತಿಕೊಂಡು ಹನ್ನೊಂದು ಕಿಲೋಮೀಟರ್ ಹೋದರೆ ಗುಂಡ್ಲಗುಟ್ಟ, ಅದರ ಆಸುಪಾಸಿನಲ್ಲಿ ಇನ್ನೂ ಎಂಟು ಹಳ್ಳಿಗಳು. ಬಸ್ಸಿಲ್ಲ. ಮರಣ ಪ್ರಮಾಣಪತ್ರ ಬೇಕೆಂದರೂ ಮನೆ ಖಾತೆ ಬೇಕೆಂದರೂ ಒಂದು ದಿನದ ಕೂಲಿ ಬಿಟ್ಟು ಬರಬೇಕು. ಬಂದ ದಿನ ನಾನು ಮೀಟಿಂಗಿಗೆ ಹೋಗಿದ್ದರೆ ಇನ್ನೊಂದು ದಿನ. ಅಧ್ಯಕ್ಷಗಿರಿ ಎಂದೂ ಕೆಂಚನಪಲ್ಲಿಯ ಹೊಸ್ತಿಲು ದಾಟಿರಲಿಲ್ಲ. ಸಿಮೆಂಟ್ ರಸ್ತೆಯೂ ಹಾಗೆಯೇ, ಕೆರೆ ಏರಿಯವರೆಗೆ ಬಂದು ನಿಂತಿತ್ತು.

ಗುಂಡ್ಲಗುಟ್ಟದ ಸದಸ್ಯೆ ರತ್ನಮ್ಮ ರೇಷ್ಮೆಹುಳು ಸಾಕುವವರು. ನಲವತ್ತು ದಾಟಿದ ಹೆಂಗಸು, ಓದಿದ್ದು ಏಳನೇ ಕ್ಲಾಸು, ಮಾತು ಮಾತ್ರ ಕತ್ತರಿ. ಒಂದು ದಿನ ಅವರೂ, ಅಲ್ಲಿ ಸೈಕಲ್ ಶಾಪ್ ಇಟ್ಟುಕೊಂಡು ಊರಿನವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ ರಹೀಂ ಸಾಬರೂ ಕಚೇರಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಮನವಿ ಇಟ್ಟರು. ಒಂಬತ್ತು ಹಳ್ಳಿಗಳಿಗೆ ಪ್ರತ್ಯೇಕ ಗ್ರಾಮ ಪಂಚಾಯಿತಿ ಬೇಕು ಎಂಬ ಮನವಿ.

ನಾನು ನಕ್ಕೆ. "ಇರೋ ಪಂಚಾಯಿತೀನೇ ನಡ್ಸಕ್ಕಾಗ್ದೆ ಒದ್ದಾಡ್ತಿದೀವಿ, ನಿಮಗ್ಯಾಕಮ್ಮ ಇನ್ನೊಂದು?"

"ನೀವ್ ಒದ್ದಾಡ್ತೀರ ಅಂತಾನೇ ಕೇಳ್ತಿರೋದು ಮೇಡಂ," ಎಂದರು ರತ್ನಮ್ಮ. "ನಮ್ ಒದ್ದಾಟ ನಾವೇ ನೋಡ್ಕೊಂತೀವಿ, ಬಿಡಿ."

ಮನವಿಯನ್ನು ಮೇಲಕ್ಕೆ ಕಳಿಸಿದೆ. ಅದು ಕಸದಬುಟ್ಟಿ ಸೇರುತ್ತದೆ ಎಂದುಕೊಂಡಿದ್ದೆ, ಸೇರಲಿಲ್ಲ. ಪಂಚಾಯಿತಿಗಳ ಗಡಿ ಮರುಪರಿಶೀಲನೆ ನಡೆದಾಗ ಒಂಬತ್ತು ಹಳ್ಳಿಗಳ ಜನಸಂಖ್ಯೆ ಕಾನೂನಿಗೆ ಸಾಕಾಗುವಷ್ಟಿದೆ ಎಂದಾಯಿತು, ಕರಡು ಅಧಿಸೂಚನೆ ಹೊರಬಿತ್ತು. ಸರ್ಕಾರ ಹೀಗೆ ಮಾಡಬೇಕೆಂದಿದೆ, ಆಕ್ಷೇಪಣೆ ಇದ್ದರೆ ಹೇಳಿ ಎಂಬುದೇ ಕರಡು ಅಧಿಸೂಚನೆ. ಕೆಂಚನಪಲ್ಲಿಯವರು ಆಕ್ಷೇಪಣೆ ಹಾಕಿದರು. ಮಾವಿನ ತಿರುಳು ತೆಗೆಯುವ ಕಾರ್ಖಾನೆಯೊಂದು ಗುಂಡ್ಲಗುಟ್ಟದ ಎಲ್ಲೆಯಲ್ಲಿತ್ತು; ಅದರ ತೆರಿಗೆ ಕೈಬಿಟ್ಟುಹೋಗುತ್ತದೆಂಬುದು ಅವರ ನಿಜವಾದ ಸಂಕಟ. ಬಾಯಲ್ಲಿ ಹೇಳಿದ್ದು ಬೇರೆ.

ವಿಚಾರಣೆ ಕೋಲಾರದಲ್ಲಿ. ಹಿರಿಯ ಅಧಿಕಾರಿಯೊಬ್ಬರ ಮುಂದೆ ಕೆಂಚನಪಲ್ಲಿಯ ವಕೀಲರು ಗ್ರಾಮಸಭೆಯ ಹಾಜರಿ ಪುಸ್ತಕಗಳನ್ನು ಜೋಡಿಸಿಟ್ಟರು. "ದೂರ, ದೂರ ಅಂತಾರೆ ಸರ್. ಒಂದು ಗ್ರಾಮಸಭೆಯನ್ನಾದರೂ ತಪ್ಪಿಸಿದ್ದಾರಾ ನೋಡಿ." ಆಮೇಲೆ ಕೊನೆಯ ಪುಸ್ತಕದ ಕೊನೆಯ ಹಾಳೆ ತೆರೆದರು. ಪಂಚಾಯಿತಿ ಈಗಿರುವಂತೆ ಒಂದೇ ಆಗಿರಬೇಕೆಂದು ಸಭೆ ಸರ್ವಾನುಮತದಿಂದ ತೀರ್ಮಾನಿಸಿದೆ ಎಂದು ಅಲ್ಲಿ ಬರೆದಿತ್ತು. ಕೆಳಗೆ ಗುಂಡ್ಲಗುಟ್ಟದವರ ಸಹಿ, ಹೆಬ್ಬೆಟ್ಟುಗಳ ಸಾಲು. ಅದರಲ್ಲಿ ರತ್ನಮ್ಮನ ಸಹಿಯೂ ಇತ್ತು. ಎಲ್ಲಕ್ಕೂ ಕೆಳಗೆ ನನ್ನ ಸಹಿ ಮತ್ತು ಮೊಹರು.

ರತ್ನಮ್ಮ ಎದ್ದು ನಿಂತರು. ಗಾಬರಿಯಲ್ಲಿ ಮನೆಮಾತು ತೆಲುಗೇ ಬಾಯಿಗೆ ಬಂತು. "ಮೇಮು ರಾಲೇದು ಸಾರ್! ನಾವ್ ಬರ್ಲೇ ಇಲ್ಲ!"

"ಸಹಿ ನಿಮ್ಮದಲ್ಲವಾ?" ಎಂದರು ಅಧಿಕಾರಿ.

"ನಂದೇ ಸಾರ್." ಅಷ್ಟು ಹೇಳಿ ಕುಳಿತುಬಿಟ್ಟರು.

ಇದು ಹೇಗಾಯಿತೆಂದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರಿಲ್ಲ. ಗ್ರಾಮಸಭೆಗೆ ಕೋರಂ ಬೇಕು, ಅಂದರೆ ಕನಿಷ್ಠ ಇಷ್ಟು ಜನ ಹಾಜರಿರಬೇಕು. ಕೋರಂ ಇಲ್ಲದಿದ್ದರೆ ವರ್ಷದ ಕಾಮಗಾರಿಗಳಿಗೆ ಒಪ್ಪಿಗೆ ಸಿಗುವುದಿಲ್ಲ, ಅನುದಾನ ವಾಪಸ್ಸು. ಜನ ಎಲ್ಲಿಂದ ಬರಬೇಕು? ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹಗಲೂ ರಾತ್ರಿ ಸೊಪ್ಪು ಬೇಡುತ್ತದೆ. ಅದನ್ನು ಬಿಟ್ಟು ಹನ್ನೊಂದು ಕಿಲೋಮೀಟರ್ ಬಂದು ನಮ್ಮ ಭಾಷಣ ಕೇಳುವವರು ಯಾರು? ಹಾಗಾಗಿ ನಮ್ಮ ಪಂಚಾಯಿತಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಗ್ರಾಮಸಭೆಯನ್ನು ಗುಂಡ್ಲಗುಟ್ಟದಲ್ಲಿ ರೇಷನ್ ಕೊಡುವ ದಿನವೇ ಇಡುವುದು. ಸಭೆ ಕೆಂಚನಪಲ್ಲಿಯಲ್ಲಿ ನಡೆಯುತ್ತಿರುವಾಗ ನಮ್ಮ ವಾಟರ್‌ಮನ್ ಖಾಲಿ ಹಾಜರಿ ಹಾಳೆ ತೆಗೆದುಕೊಂಡು ರೇಷನ್ ಅಂಗಡಿಗೆ ಹೋಗುವುದು. ಕ್ಯೂನಲ್ಲಿ ನಿಂತ ಜನ ಅಕ್ಕಿಯ ಯಂತ್ರಕ್ಕೊಂದು ಹೆಬ್ಬೆಟ್ಟು, ನಮ್ಮ ಹಾಳೆಗೊಂದು ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಿದ್ದರು. ಸಭೆಯ ತೀರ್ಮಾನವನ್ನು ಆಮೇಲೆ ಮೇಲಿನ ಖಾಲಿ ಜಾಗದಲ್ಲಿ ಬರೆದು, ಕೆಳಗೆ ನನ್ನ ಸಹಿ, ಮೊಹರು; ಆ ಕೊನೆಯ ಹಾಳೆಯೂ ಹಾಗೆಯೇ ಆದದ್ದು. ಅನುದಾನ ಬರಲಿ ಎಂಬ ಒಳ್ಳೆಯ ಉದ್ದೇಶ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಈ ಪದ್ಧತಿಯನ್ನು ಶುರುಮಾಡಿದ್ದು ನಾನಲ್ಲ, ಆದರೆ ಐದು ವರ್ಷ ಅಚ್ಚುಕಟ್ಟಾಗಿ ನಡೆಸಿದವಳು ನಾನೇ.

"ಪಿಡಿಒ ಅವರೇ, ದಾಖಲೆ ಸರಿಯಾಗಿದೆಯೇ?" ಅಧಿಕಾರಿ ಕೇಳಿದರು.

"ದಾಖಲೆ ನೋಡಿ ಲಿಖಿತ ವರದಿ ಕೊಡ್ತೀನಿ ಸರ್," ಎಂದೆ. ಹೇಡಿತನಕ್ಕೆ ಕಚೇರಿ ಭಾಷೆಯಲ್ಲಿ ಇಂಥ ಹತ್ತು ವಾಕ್ಯಗಳಿವೆ. ಒಂದು ವಾರ ಸಮಯ ಸಿಕ್ಕಿತು. ಹೊರಗೆ ಬಂದಾಗ ಕೆಂಚನಪಲ್ಲಿಯವರೇ ಆದ ನಮ್ಮ ಪಂಚಾಯಿತಿ ಅಧ್ಯಕ್ಷರು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದರು. "ಮೇಡಂ, ಏನೂ ಬರೀಬೇಡಿ. ದಾಖಲೆ ಸರಿಯಿದೆ ಅಂತ ಒಂದೇ ಸಾಲು. ನಿಮ್ ಪೆನ್ಷನ್ನೂ ಸೇಫು, ಊರೂ ಸೇಫು."

ಮೂರನೇ ದಿನ ರತ್ನಮ್ಮ ಕಚೇರಿಗೆ ಬಂದರು. ಬೈಯುತ್ತಾರೆಂದು ಕಾದಿದ್ದೆ. ಬೈಯಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಹೆಬ್ಬೆಟ್ಟು ನಮ್ದೇ ಮೇಡಂ. ಕಾಲು ಬರ್ಲಿಲ್ಲ, ಬಾಯಿ ಬರ್ಲಿಲ್ಲ. ನಿಮ್ಗೆ ಹೆಬ್ಬೆಟ್ಟೇ ಸಾಕಾಯ್ತು. ಏನಕ್ಕೆ ಅಂತ ಕೇಳ್ದಲೇ ಒತ್ತಿದ್ದು ನಮ್ ತಪ್ಪು. ಅದನ್ನ ಸಾರ್ ಮುಂದೆ ಒಪ್ಕೊಂತೀನಿ. ನಿಮ್ದು ನೀವು ಒಪ್ಕೊಂತೀರಾ?"

ಮೂವತ್ತು ವರ್ಷದ ನೌಕರಿಯಲ್ಲಿ ಲೋಕಾಯುಕ್ತಕ್ಕೂ ಆಡಿಟ್ಟಿಗೂ ಹೆದರದಿದ್ದವಳು, ಏಳನೇ ಕ್ಲಾಸಿನ ಹೆಂಗಸಿನ ಒಂದು ಪ್ರಶ್ನೆಗೆ ಬೆವೆತೆ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ಅಧ್ಯಕ್ಷರ ಮೇಲೆ, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಒಂದೇ ಸಾಲು ಬೇಕಂತೆ! ನಾಲ್ಕು ಪುಟ ಬರೆದೆ.

ತಪ್ಪೊಪ್ಪಿಗೆಯೊಂದೇ ಸಾಲದು, ವಕೀಲರು ಅದನ್ನು ಉಫ್ ಎಂದು ಊದಿಬಿಡುತ್ತಾರೆ ಎಂದು ಗೊತ್ತಿತ್ತು. ಆಗ ಹೊಳೆದದ್ದು ರೇಷನ್ ಅಂಗಡಿಯ ಯಂತ್ರ. ಯಾರು, ಯಾವ ದಿನ, ಎಷ್ಟು ಗಂಟೆಗೆ ಹೆಬ್ಬೆಟ್ಟು ಒತ್ತಿದರು ಎಂಬುದು ಅದರಲ್ಲಿ ನಿಮಿಷದ ಲೆಕ್ಕದಲ್ಲಿ ದಾಖಲಾಗುತ್ತದೆ. ಆಹಾರ ಶಾಖೆಯಿಂದ ಗ್ರಾಮಸಭೆ ನಡೆದ ದಿನಗಳ ಪ್ರತಿ ಪಡೆದೆ. ನಮ್ಮ ಪುಸ್ತಕದ ಪ್ರಕಾರ ಬೆಳಿಗ್ಗೆ ಹನ್ನೊಂದಕ್ಕೆ ಕೆಂಚನಪಲ್ಲಿಯ ಸಭೆಯಲ್ಲಿ ಕೂತಿದ್ದವರು, ಅದೇ ಹನ್ನೊಂದಕ್ಕೆ ಗುಂಡ್ಲಗುಟ್ಟದಲ್ಲಿ ಅಕ್ಕಿ ತೆಗೆದುಕೊಳ್ಳುತ್ತಿದ್ದರು. ಒಬ್ಬರಲ್ಲ ಇಬ್ಬರಲ್ಲ, ಸಾಲಾಗಿ.

ಎರಡನೇ ವಿಚಾರಣೆಯಲ್ಲಿ ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟೆ. ಅಧಿಕಾರಿ ಬೆರಳಿಟ್ಟು ಹೆಸರುಗಳನ್ನು ತಾಳೆ ನೋಡಿದರು. ವಕೀಲರು ನೀರು ಕುಡಿದರು. ಅಧ್ಯಕ್ಷರು ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದರು.

"ಇದಕ್ಕೆ ಸಹಿ ಹಾಕಿ ಕೊಟ್ಟರೆ ನಿಮ್ಮ ಮೇಲೆ ಕ್ರಮ ಆಗುತ್ತದೆ, ಗೊತ್ತಿದೆಯಾ?" ಎಂದರು ಅಧಿಕಾರಿ.

"ಆಗಲಿ ಸರ್. ಸುಳ್ಳಿಗೆ ಐದು ವರ್ಷ ಸಹಿ ಹಾಕಿದ್ದೀನಿ, ನಿಜಕ್ಕೆ ಒಂದು ಸಲ ಹಾಕ್ತೀನಿ."

ವಕೀಲರ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. ಏನೆಂದು ಓದದೆ ಹೆಬ್ಬೆಟ್ಟು ಒತ್ತುವ ಜನ ಪಂಚಾಯಿತಿ ನಡೆಸಬಲ್ಲರೇ, ಇವರ ಕೈಗೆ ಅಧಿಕಾರ ಕೊಟ್ಟರೆ ಗತಿಯೇನು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ರತ್ನಮ್ಮ ಎದ್ದಿದ್ದರು. ಈ ಸಲ ಗಾಬರಿ ಇರಲಿಲ್ಲ.

"ನಮ್ಗೆ ಬರಲ್ಲ ಅಂತೀರ. ಇರ್ಲಿ ಸಾರ್. ಓದಿರೋರು ನೀವ್ ಮಾಡಿದ್ ತಪ್ಪಿಗೆ ಇಷ್ಟ್ ದಿನ ನಾವ್ ಹೆಬ್ಬೆಟ್ಟು ಒತ್ತಿದೀವಿ. ಇನ್ಮೇಲೆ ತಪ್ಪು ಮಾಡೋದಾದ್ರೂ ನಾವೇ ಮಾಡ್ತೀವಿ, ನಾವೇ ಸರಿ ಮಾಡ್ಕೊಂತೀವಿ. ನಾವೇನು ಭಿಕ್ಷ ಕೇಳಕ್ಕೆ ಬಂದಿಲ್ಲ."

ಹಿಂದಿನ ಸಾಲಿನಿಂದ ರಹೀಂ ಸಾಬರು "ಶಾಭಾಸ್ ಬೆಹೆನ್!" ಎಂದು ಕೂಗಿ, ಅಧಿಕಾರಿಯ ಕಣ್ಣಿಗೆ ಬಿದ್ದು, ಟೋಪಿ ಸರಿಮಾಡಿಕೊಂಡು ಕುಳಿತರು.

ಕೆಲವು ತಿಂಗಳಲ್ಲಿ ಅಂತಿಮ ಅಧಿಸೂಚನೆ ಬಂತು. ಒಂಬತ್ತು ಹಳ್ಳಿಗಳು ಸೇರಿ ಹೊಸ ಪಂಚಾಯಿತಿಯಾದವು. ನನಗೆ ಬಂದದ್ದು ದೋಷಾರೋಪಣೆ ಪಟ್ಟಿ. ಇಲಾಖಾ ವಿಚಾರಣೆ ನಡೆದು ಒಂದು ವಾರ್ಷಿಕ ವೇತನ ಬಡ್ತಿ ಹೋಯಿತು. "ಕೊನೆಗಾಲದಲ್ಲಿ ನಿನಗ್ಯಾಕಮ್ಮ ಬೇಕಿತ್ತು ಇದೆಲ್ಲ?" ಎಂದು ಸಹೋದ್ಯೋಗಿಗಳು ಮರುಗಿದರು. ಶಿಕ್ಷೆ ನ್ಯಾಯವಾದದ್ದೇ, ಮೇಲ್ಮನವಿ ಹಾಕಲಿಲ್ಲ. ಆದರೆ ಬರೆದದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆಂದು ಯಾರಾದರೂ ಕಾದಿದ್ದರೆ ಇನ್ನೂ ಕಾಯಲಿ.

ಹೊಸ ಪಂಚಾಯಿತಿಯ ಮೊದಲ ಗ್ರಾಮಸಭೆಗೆ ರತ್ನಮ್ಮ ನನ್ನನ್ನು ಕರೆದರು. ಹೋದೆ. ಶಾಲೆಯ ಅಂಗಳ ಹಿಡಿಸಲಾರದಷ್ಟು ಜನ. ಹುಳುಮನೆಯಿಂದ ನೇರ ಬಂದವರ ಸೆರಗಿಗೆ ಹಿಪ್ಪುನೇರಳೆ ಸೊಪ್ಪಿನ ಚೂರು ಇನ್ನೂ ಅಂಟಿತ್ತು. ಕಚೇರಿ ಕಟ್ಟಡ ಯಾವ ಹಳ್ಳಿಯಲ್ಲಿರಬೇಕು ಎಂಬುದೇ ವಿಷಯ. ಗುಂಡ್ಲಗುಟ್ಟದಲ್ಲೇ ಎಂದು ರತ್ನಮ್ಮ, ಬಸ್ಸು ತಿರುಗುವ ಜಾಗ ಇರುವ ಪಕ್ಕದ ಹಳ್ಳಿಯಲ್ಲಿ ಎಂದು ಉಳಿದವರು. ಎರಡು ಗಂಟೆ ಕಾಲ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಜಗಳ. ಕೊನೆಗೆ ಕೈ ಎತ್ತಿಸಿದರು. ರತ್ನಮ್ಮ ಸೋತರು. ರಹೀಂ ಸಾಬರ ಕೈ ಕೂಡ ಎದ್ದದ್ದು ಆ ಕಡೆಗೇ.

ರತ್ನಮ್ಮ ಮುಖ ಊದಿಸಿಕೊಂಡು ಬಂದು ನನ್ನ ಪಕ್ಕ ಕುಳಿತರು.

"ಸೋತೋದೆ ಮೇಡಂ," ಎಂದರು. ಆಮೇಲೆ ತಡೆಯಲಾಗದೆ ನಕ್ಕುಬಿಟ್ಟರು. "ನಮ್ಮೋರ್ ಕೈಲೇ ಸೋತೆ, ನನ್ ಕಣ್ಣೆದುರಿಗೇ ಸೋತೆ. ಮುಂದಿನ್ ಸಭೇಲಿ ನೋಡ್ಕೊಂತೀನಿ ಬಿಡಿ!"

ಜನರಿಗೆ ಅಧಿಕಾರ ನಡೆಸಲು ಬರುತ್ತದೆಯೇ ಎಂದು ಕೇಳುವ ಹಕ್ಕು ನಮಗೆ ಯಾರೂ ಕೊಟ್ಟಿಲ್ಲ. ಅವರ ಹೆಸರಲ್ಲಿ ನಾವು ತೀರ್ಮಾನ ಬರೆಯುವುದನ್ನು ನಿಲ್ಲಿಸಬೇಕು, ಅಷ್ಟೇ. ನೌಕರಿ ನನಗೆ ಕಲಿಸಿದ್ದು ಇದೊಂದೇ, ಅದನ್ನೂ ಕಲಿಯಲು ಮೂವತ್ತು ವರ್ಷ ಬೇಕಾಯಿತು.