ದೊಡ್ಡಮ್ಮನ ಎಂಜಲು, ನನ್ನ ಕುತ್ತಿಗೆ

ಹೋದ ವಾರ ಗಡ್ಡ ಮಾಡಿಕೊಳ್ಳುವಾಗ ದವಡೆಯ ಕೆಳಗೆ ಕಡಲೆಕಾಳಿನಷ್ಟು ಗಂಟೊಂದು ಬೆರಳಿಗೆ ಸಿಕ್ಕಿತು. ಐವತ್ತು ದಾಟಿದ ಮನುಷ್ಯನಿಗೆ ಇಂಥ ಗಂಟು ಸಿಕ್ಕರೆ ಏನಾಗುತ್ತದೆ ಎಂದು ನಿಮಗೂ ಗೊತ್ತಿರಬಹುದು. ಮುಖದ ನೊರೆ ಆರುವಷ್ಟರಲ್ಲಿ ನಾನು ನನ್ನ ತಿಥಿಯ ಅಡುಗೆಯನ್ನೂ ಯೋಚಿಸಿ ಮುಗಿಸಿದ್ದೆ. ವಡೆ ಇರಲಿ, ಪಾಯಸ ಬೇಡ, ಚಿಕ್ಕಪ್ಪನಿಗೆ ಸಕ್ಕರೆ ಕಾಯಿಲೆ. ಅರ್ಧ ಗಡ್ಡ ಬೋಳಿಸಿ ಇನ್ನರ್ಧ ಹಾಗೇ ಬಿಟ್ಟುಕೊಂಡು ಇಂದಿರಾನಗರದ ಕ್ಲಿನಿಕ್ಕಿಗೆ ಓಡಿದೆ.

ಅಲ್ಲಿದ್ದ ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಕುತ್ತಿಗೆಯನ್ನು ಮಾವಿನಹಣ್ಣು ಆರಿಸುವವಳಂತೆ ಒತ್ತಿ ನೋಡಿ, “ಏನಿಲ್ಲ ಅಂಕಲ್, ಮೊನ್ನೆ ಶೇವಿಂಗ್ ಮಾಡ್ವಾಗ ಕುಯ್ಕೊಂಡಿದ್ದೀರಲ್ಲ, ಆ ಗಾಯಕ್ಕೆ ಗ್ಲ್ಯಾಂಡ್ ಊದಿದೆ ಅಷ್ಟೇ,” ಎಂದಳು. ಆಮೇಲೆ ಕಂಪ್ಯೂಟರಿಗೆ ತಿರುಗಿ, “ಹಿಂದೆ ಯಾವಾಗಾದ್ರೂ ಹೀಗಾಗಿತ್ತಾ?” ಎಂದು ಕೇಳಿದಳು. ಒಂದು ಸಲ ಆಗಿತ್ತು ಎಂದೆ. “ಏನು ಕಾಯಿಲೆ ಅಂದಿದ್ರು?”

ಇಪ್ಪತ್ತೈದು ವರ್ಷವಾದರೂ ಆ ಕಾಯಿಲೆಯ ಹೆಸರನ್ನು ಹೆಣ್ಣುಮಕ್ಕಳ ಮುಂದೆ ಹೇಳಲು ನನಗೆ ನಾಚಿಕೆ. “ನೆನಪಿಲ್ಲಮ್ಮ” ಎಂದು ಸುಳ್ಳು ಹೇಳಿ ಬಂದೆ. ನಿಮಗೆ ಹೇಳುತ್ತೇನೆ. ಆದರೆ ಮೊದಲು ನಮ್ಮ ದೊಡ್ಡಮ್ಮನ ವಿಷಯ ಹೇಳಬೇಕು, ಅವಳನ್ನು ಬಿಟ್ಟರೆ ಆ ಕಾಯಿಲೆಗೆ ತಲೆಬುಡ ಇರುವುದಿಲ್ಲ.

ನಮ್ಮದು ಹಲಸೂರಿನ ಹಳೇ ಮನೆ. ತಾತನ ಕಾಲದಲ್ಲಿ ಸುತ್ತ ಇದ್ದ ಸೊಪ್ಪಿನ ಮಡಿಗಳೆಲ್ಲ ನಮ್ಮ ಕಾಲಕ್ಕೆ ಬಾಡಿಗೆ ಮನೆಗಳಾಗಿದ್ದವು. ಅಮ್ಮ ನಾನು ಚಿಕ್ಕವನಿದ್ದಾಗಲೇ ಹೋದಳು. ಅಪ್ಪ ಯಾರು ಏನು ಹೇಳಿದರೂ “ಹೂಂ” ಎನ್ನುವ ಮನುಷ್ಯ. ಹೀಗಾಗಿ ನನ್ನನ್ನು ಸಾಕಿದ್ದು, ಬಡಿದದ್ದು, ಮನೆ ಆಳಿದ್ದು ಎಲ್ಲ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ. ಅವಳ ರಾಜ್ಯದಲ್ಲಿ ಸುಳ್ಳಿಗೆ ಕ್ಷಮೆಯಿತ್ತು, ಫೇಲಾದರೆ ಕ್ಷಮೆಯಿತ್ತು. ಎಂಜಲಿಗೆ ಮಾತ್ರ ಇರಲಿಲ್ಲ.

ಲೋಟವನ್ನು ತುಟಿಗೆ ತಾಗಿಸಿದರೆ ಆ ಲೋಟ ಆವತ್ತೆಲ್ಲ ಹಿತ್ತಿಲಲ್ಲಿ ಬೋರಲು. ಬಿಸಿ ಕಾಫಿಯನ್ನೂ ಎತ್ತಿಯೇ ಕುಡಿಯಬೇಕು. ನನ್ನ ಗಂಟಲು ಅರ್ಧ ಸುಟ್ಟದ್ದು ಹಾಗೆ. ಸಾರಿನ ಉಪ್ಪು ನೋಡಲು ಅಂಗೈಗೆ ಹುಯ್ದುಕೊಂಡು, ನೆಕ್ಕಿ, ಕೈ ತೊಳೆದು, ಆಮೇಲೆ ಸೌಟು ಮುಟ್ಟಬೇಕು. ಕಾಗದದ ಕವರಿಗೆ ನಾಲಿಗೆ ಹಚ್ಚಿದರೆ ಬೆನ್ನಿಗೆ ಗುದ್ದು. ಬಾಡಿಗೆ ಮನೆಯ ಮಕ್ಕಳು ಹುಟ್ಟುಹಬ್ಬದ ಕೇಕು ತಂದುಕೊಟ್ಟರೆ, “ಮೇಣದಬತ್ತಿ ಊದಿದ್ರಾ, ಇಲ್ವಾ?” ಎಂದು ಪೊಲೀಸರ ಹಾಗೆ ವಿಚಾರಣೆ. ಊದಿದ್ದೇವೆ ಎಂದರೆ, “ಉಗುಳು ಎರಚಿದ್ದನ್ನ ನಮಗ್ಯಾಕವ್ವ” ಎಂದು ವಾಪಸ್ಸು. ನಾನು ಮಕ್ಕಳನ್ನು ಗೇಟಿನ ಬಳಿ ಹಿಡಿದು ಆ ಕೇಕು ತಿನ್ನುತ್ತಿದ್ದೆ, ಅದು ಬೇರೆ ಮಾತು.

ಇಷ್ಟೆಲ್ಲ ಕಾನೂನಿಗೂ ಒಂದೇ ಒಂದು ರಿಯಾಯಿತಿ ಇತ್ತು. ಅದು ಗುಬ್ಬಿ ಎಂಜಲು. ನೀವೂ ಮಾಡಿರುತ್ತೀರಿ. ಪೆಪ್ಪರಮಿಂಟೋ ಸೀಬೆಕಾಯೋ ಒಂದೇ ಇದ್ದು ಬಾಯಿ ಎರಡಿದ್ದಾಗ ಅದನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಟಕ್ಕೆಂದು ಕಚ್ಚಿ ಎರಡು ಮಾಡುವುದು. ಮಧ್ಯೆ ಬಟ್ಟೆ ಇರುವುದರಿಂದ ಅದು ಎಂಜಲಲ್ಲ. ಯಾಕಲ್ಲ ಎಂದು ಯಾರೂ ಕೇಳಿಲ್ಲ. ಇಂಥಾ ದೊಡ್ಡಮ್ಮನೂ ಕೇಳಿರಲಿಲ್ಲ.

ನನಗೆ ಇಪ್ಪತ್ತಾರಾದಾಗ ಕೆ.ಆರ್. ಪುರದ ಕಡೆಯಿಂದ ಮಂಜುಳಾಳ ಸಂಬಂಧ ಬಂತು. ನಾನು ಆಗ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಾವು ಹೋಗಿ ಹುಡುಗಿ ನೋಡಿ ಬಂದೆವು, ಅವರು ನಮ್ಮ ಮನೆ ನೋಡಲು ಬಂದರು. ನಮ್ಮಂಥವರಲ್ಲಿ ಮನೆ ನೋಡುವುದೆಂದರೆ ಆಸ್ತಿ ನೋಡುವುದು. ಟೆರೇಸಿನ ಮೇಲೆ ನಿಂತರೆ ಬಾಡಿಗೆ ಮನೆಗಳೆಲ್ಲ ಒಟ್ಟಿಗೆ ಕಾಣುತ್ತವೆ ಎಂದು ಚಿಕ್ಕಪ್ಪ, “ಹುಡುಗೀಗೆ ಟೆರೇಸ್ ತೋರ್ಸ್ಕೊಂಡು ಬಾರೋ” ಎಂದು ನನ್ನನ್ನೇ ಕಳಿಸಿದರು. ನಾನು ತೋರಿಸಿದೆ. ಮಂಜುಳಾ ಬಾಡಿಗೆ ಮನೆಗಳ ಕಡೆ ತಿರುಗಿಯೂ ನೋಡಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ನಿಂತು, “ನೀವು ಮಾತೇ ಆಡಲ್ವಾ?” ಎಂದಳು. ಮಾತಾಡಲು ಏನೂ ತೋಚಲಿಲ್ಲ, ಆದ್ದರಿಂದ... ಒಂದೇ ಒಂದು ಸಲ. ಅದೂ ಅರ್ಧ ಮೂಗಿಗೆ ಬಿತ್ತು. ಕೆಳಗಿಳಿದು ಬಂದಾಗ ದೊಡ್ಡಮ್ಮ ಸೆರಗಿನಲ್ಲಿ ಮುಚ್ಚಿ ತಂದಿದ್ದ ಕಡಲೆ ಮಿಠಾಯಿಯ ಎರಡು ತುಂಡನ್ನು ನಮ್ಮಿಬ್ಬರ ಕೈಗೂ ಹಾಕಿದಳು. ನಾನು ಏನು ತಿನ್ನುತ್ತಿದ್ದೇನೆಂದೇ ತಿಳಿಯದೆ ತಿಂದೆ.

ತಿಂಗಳು ಕಳೆದು, ನಿಶ್ಚಿತಾರ್ಥಕ್ಕೆ ಇನ್ನು ಹತ್ತು ದಿನ ಇದೆಯೆನ್ನುವಾಗ ಜ್ವರ ಬಂತು. ಗಂಟಲು ಕಟ್ಟಿತು. ಕುತ್ತಿಗೆಯ ಎರಡೂ ಕಡೆ ನಿಂಬೆಕಾಯಿಯಷ್ಟು ಗಂಟು ಎದ್ದು ನನಗೆ ತಲೆ ಯಾವುದು ಹೆಗಲು ಯಾವುದು ಗೊತ್ತಾಗದಂತಾಯಿತು. ಚಿಕ್ಕಪ್ಪ ನೋಡಿದವರೇ “ಮಂಗನಬಾವು” ಎಂದು ತೀರ್ಪು ಕೊಟ್ಟರು. ವಾರವಾದರೂ ಇಳಿಯದಿದ್ದಾಗ ದೊಡ್ಡಮ್ಮ ನನ್ನನ್ನು ಆಟೋದಲ್ಲಿ ಹಾಕಿಕೊಂಡು ರಿಚರ್ಡ್ಸ್ ಟೌನಿನ ಹಳೇ ಡಾಕ್ಟರ ಹತ್ತಿರ ಹೋದಳು.

ಅವರು ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆ ಒತ್ತಿ, ಸಂತೋಷದಿಂದ ತಲೆಯಾಡಿಸಿದರು. “ಗ್ಲ್ಯಾಂಡುಲರ್ ಫೀವರ್! ರಕ್ತದಲ್ಲಿ ಬಿಳಿ ಕಣ ಇರುತ್ತಲ್ಲಮ್ಮ, ಈ ವೈರಸ್ ಅದರೊಳಗೇ ಹೋಗಿ ಕೂತ್ಕೊಳ್ಳುತ್ತೆ. ಅದಕ್ಕೇ ಗಂಟು. ಸ್ಪ್ಲೀನೂ, ಅದೇ ಗುಲ್ಮ, ದಪ್ಪ ಆಗಿದೆ. ಭಾರ ಎತ್ಬೇಡ, ಕುಣೀಬೇಡ. ಮಲಕ್ಕೋ, ತಾನೇ ಹೋಗುತ್ತೆ.”

“ಇದು ಬಂದಿದ್ದೆಲ್ಲಿಂದ ಡಾಕ್ಟ್ರೇ?” ಎಂದಳು ದೊಡ್ಡಮ್ಮ.

“ಉಗುಳಿಂದಮ್ಮ. ಯಾರದ್ದೋ ಎಂಜಲು.”

ದೊಡ್ಡಮ್ಮ ಕುರ್ಚಿಯಿಂದ ಎದ್ದುಬಿಟ್ಟಳು. “ಎಂಜಲಾ? ನಮ್ಮನೇಲಾ?” ಡಾಕ್ಟರು ಸಮಾಧಾನ ಮಾಡಲು ಹೋದರು. “ಸುಮಾರು ದೊಡ್ಡೋರ ಬಾಯಲ್ಲಿ ಇದು ತೊಂದ್ರೆ ಕೊಡದೆ ಸುಮ್ನೆ ಕೂತಿರುತ್ತೆ, ಅವರಿಗೇ ಗೊತ್ತಿರಲ್ಲ. ಆದ್ರೆ ಇವನ ವಯಸ್ಸಿನೋರಿಗೆ...” ಎಂದು ನನ್ನ ಕಡೆ ಕಣ್ಣು ಮಿಟುಕಿಸಿ, “ಇದನ್ನ ಕಿಸ್ಸಿಂಗ್ ಡಿಸೀಸ್ ಅಂತಾರೆ!” ಎಂದರು. ಮಾತ್ರೆ ಎಣಿಸುತ್ತಿದ್ದ ಕಾಂಪೌಂಡರ್ ತಿರುಗಿ, “ಎನ್ನ ತಂಬಿ, ಯಾರ್ ಅಂದ ಪೊಣ್ಣು?” ಎಂದು, ಆ ಹುಡುಗಿ ಯಾರೆಂದು ತಮಿಳಿನಲ್ಲೇ ವಿಚಾರಿಸಿದ. ದೊಡ್ಡಮ್ಮನಿಗೆ ಇಂಗ್ಲಿಷು ಬಾರದು. ಆದರೆ ಅವಳೂ ಟೀವಿ ನೋಡುತ್ತಿದ್ದವಳೇ.

ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ನಮ್ಮ ಚಿಕ್ಕಪ್ಪ ಸತ್ಯವಂತರು. ಸತ್ಯವಂತರಿರುವ ಮನೆಯಲ್ಲಿ ಮದುವೆ ಆಗುವುದೇ ಕಷ್ಟ. ನಿಶ್ಚಿತಾರ್ಥ ಮುಂದಕ್ಕೆ ಹಾಕೋಣ ಎನ್ನಲು ಬೀಗರಾಗುವವರಿಗೆ ಫೋನು ಮಾಡಿದರು. ಎಂಥ ಜ್ವರ ಎಂದು ಅವರು ಕೇಳಿದರು. ಚಿಕ್ಕಪ್ಪ ಡಾಕ್ಟರ ಚೀಟಿ ತರಿಸಿಕೊಂಡು ಅದರಲ್ಲಿದ್ದದ್ದನ್ನು ಅಕ್ಷರ ಅಕ್ಷರವಾಗಿ ಓದಿ, ಅವರಿಗೆ ಅರ್ಥವಾಗಲಿಲ್ಲ ಎಂದಾಗ ಡಾಕ್ಟರು ಕಂಸದಲ್ಲಿ ಬರೆದಿದ್ದನ್ನೂ ಬಿಡದೆ, “ಅದೇ ರೀ, ಕಿಸ್ಸಿಂಗ್ ಡಿಸೀಸ್!” ಎಂದು ಬೀದಿಗೆಲ್ಲ ಕೇಳುವ ಹಾಗೆ ಬಿಡಿಸಿ ಹೇಳಿದರು.

ಭಾನುವಾರ ಮಂಜುಳಾಳ ಅಪ್ಪ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದು ನಮ್ಮ ಹಾಲಿನಲ್ಲಿ ಕೂತರು. ನಾನು ಮೂಲೆಯ ಚಾಪೆಯ ಮೇಲೆ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು. ಕಾಫಿ ಕೊಟ್ಟರೆ ಅವರು ಮುಟ್ಟಲಿಲ್ಲ.

“ನೋಡಿ, ನಾನು ನೇರವಾಗಿ ಮಾತಾಡೋನು,” ಎಂದರು. “ನಿಮ್ಮುಡುಗನಿಗೆ ಬಂದಿರೋದು ಒಬ್ನೇ ಕೂತ್ಕೊಂಡು ಬರ್ಸ್ಕೊಳ್ಳೋ ಕಾಯಿಲೆ ಅಲ್ವಂತೆ. ಬೇರೆ ಹುಡುಗಿ ಅಂದ್ರೆ ಈ ಸಂಬಂಧ ನಮಗೆ ಬೇಡ. ನಮ್ಮುಡುಗೀನೇ ಅಂದ್ರೆ, ಮದ್ವೆಗೆ ಮುಂಚೆ ಹೀಗ್ ಮಾಡೋ ಮನೇಗೆ ನಾನಂತೂ ಕೊಡಲ್ಲ. ಎರಡ್ರಲ್ಲಿ ಯಾವ್ದು, ಹೇಳಿ.”

ಎರಡರಲ್ಲಿ ಯಾವುದು ಹೇಳಿದರೂ ಮಂಜುಳಾ ನನಗಿಲ್ಲ. ನನ್ನ ಜ್ವರ ಆ ಕ್ಷಣಕ್ಕೆ ಬಿಟ್ಟೇಹೋಯಿತು ಎಂದರೆ ನಂಬಿ. ಅಪ್ಪ “ಹೂಂ” ಎಂದರು. ಚಿಕ್ಕಪ್ಪ ಸತ್ಯ ಹೇಳಲು ಗಂಟಲು ಸರಿಮಾಡಿಕೊಂಡರು. ನಾನೇ ಏನಾದರೂ ಹೇಳೋಣವೆಂದರೆ ಊದಿದ ಗಂಟಲಿನಿಂದ ಕುಂಯ್ ಎನ್ನುವ ಸದ್ದು ಬಿಟ್ಟು ಬೇರೇನೂ ಬರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಹಾಲಿನ ಮಧ್ಯಕ್ಕೆ ಬಂದಳು. “ನಿಲ್ಸ್ರಪ್ಪ ಸಾಕು. ಅದು ನನ್ನ ಎಂಜಲು.”

ಯಾರಿಗೂ ಅರ್ಥವಾಗಲಿಲ್ಲ.

“ಅವತ್ತು ನೀವೆಲ್ಲ ಬಂದಿದ್ರಲ್ಲ, ಕಡಲೆ ಮಿಠಾಯಿ ಇದ್ದಿದ್ದು ಒಂದೇ. ಸೆರಗಲ್ಲಿ ಸುತ್ತಿ ಕಚ್ಚಿ, ಗುಬ್ಬಿ ಎಂಜಲು ಮಾಡಿ, ಇಬ್ರಿಗೂ ಕೊಟ್ಟೆ. ಸೆರಗು ಹಳೇದು, ಸವೆದು ತೆಳ್ಳಗಾಗಿತ್ತು, ಎಂಜಲು ಇಳೀತು. ವಯಸ್ಸಾದೋರ ಬಾಯಲ್ಲೇ ಇದು ಇರೋದು ಅಂತ ಡಾಕ್ಟ್ರೇ ಅಂದ್ರು. ಬೇಕಾದ್ರೆ ಹೋಗಿ ಕೇಳ್ಕೊಳ್ಳಿ.”

ಮಂಜುಳಾಳ ಅಪ್ಪ ಹುಬ್ಬು ಗಂಟಿಕ್ಕಿದರು. “ಹಂಗಾದ್ರೆ ನಮ್ಮುಡುಗೀಗೆ ಯಾಕೆ ಬರ್ಲಿಲ್ಲ?”

“ನಿಮ್ಮುಡುಗಿ ಗಟ್ಟಿ ಕಣ್ರಪ್ಪ. ನಮ್ಮೋನು ಪೀಚಲು.”

ಮಗಳು ಗಟ್ಟಿ ಎಂದರೆ ಯಾವ ಅಪ್ಪನಿಗೆ ಬೇಡ? ಅವರು ನನ್ನ ಕಡೆ ಒಮ್ಮೆ ನೋಡಿದರು. ಮಫ್ಲರಿನೊಳಗಿಂದ ನಾನು ಸಾಧ್ಯವಾದಷ್ಟೂ ಪೀಚಲಾಗಿ ಕಂಡೆ. ಅವರು ಕೈ ಚಾಚಿ ಕಾಫಿ ತೆಗೆದುಕೊಂಡರು. ಮೂರು ತಿಂಗಳಿಗೆ ಮದುವೆಯಾಯಿತು.

ಆದರೆ ಆ ಭಾನುವಾರದ ಮಾತು ನೆಂಟರಿಷ್ಟರಿಗೆಲ್ಲ ಹಬ್ಬಿತು. ಊರಿಗೆಲ್ಲ ಮಡಿ ಹೇಳುತ್ತಿದ್ದವಳೇ ಹುಡುಗನಿಗೆ ಎಂಜಲು ತಿನ್ನಿಸಿ ಮಲಗಿಸಿದಳಂತೆ ಎಂದು ನಗದವರಿಲ್ಲ. ಮದುವೆಮನೆಗಳಲ್ಲಿ ದೊಡ್ಡಮ್ಮ ಸೌಟು ಹಿಡಿದರೆ ಯಾರಾದರೂ, “ನೀನ್ ಕೂತ್ಕೊ ಅಕ್ಕ, ನಾವು ಬಡಿಸ್ತೀವಿ” ಎಂದು ಕೈಯಿಂದ ಕಿತ್ತುಕೊಳ್ಳುವರು. ಅವಳು ಕಾನೂನು ಹೇಳುವುದನ್ನೇ ನಿಲ್ಲಿಸಿದಳು. ನನ್ನ ಮಕ್ಕಳು ಅವಳೆದುರಿಗೇ ಮೇಣದಬತ್ತಿ ಊದಿದರು, ಲೋಟ ಕಚ್ಚಿ ಕುಡಿದರು. ಯಾರಿಗಾದರೂ ನೆಗಡಿಯಾದರೂ ಸಾಕು, “ದೊಡ್ಡಮ್ಮನ ಮಿಠಾಯಿ ತಿಂದ್ರಾ?” ಎಂದು ನಾನೇ ಮೊದಲು ರೇಗಿಸುತ್ತಿದ್ದೆ. ಇದು ಕೃತಘ್ನತೆಯಲ್ಲವೇ ಎಂದು ನೀವು ಕೇಳಬಹುದು. ಅವಳು ಪಾಪ ನಿಜವಾಗಿಯೂ ತನ್ನ ಎಂಜಲಿನಿಂದಲೇ ಬಂತೆಂದು ನಂಬಿದ್ದಾಳೆ, ನಮ್ಮ ಗುಟ್ಟು ಉಳಿಯಿತು ಎಂದುಕೊಂಡು ನಾನು ಹಾಯಾಗಿದ್ದೆ.

ಹೋದ ವಾರ ಇಂದಿರಾನಗರದ ಕ್ಲಿನಿಕ್ಕಿನಿಂದ ಮನೆಗೆ ಬಂದಾಗ ದೊಡ್ಡಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಈಗ ಎಂಬತ್ತರ ಮೇಲೆ. “ಏನಂತೋ ಗಂಟು?” ಎಂದಳು.

“ಏನಿಲ್ಲ. ಹಿಂದೆ ಏನಾಗಿತ್ತು ಅಂತ ಕೇಳಿದ್ರು. ನಮ್ಮ ದೊಡ್ಡಮ್ಮ ಮಿಠಾಯಿ ಕಚ್ಚಿ ಕೊಟ್ಟಿದ್ಲು ಅಂತ ಹೇಳ್ಬೇಕಿತ್ತು.”

ಅವಳು ಅವರೆಕಾಯಿ ಕೆಳಗಿಟ್ಟಳು. “ಲೋ ಬೆಪ್ಪೇ. ನಿನಗೆ ಕೂದಲು ಬೆಳ್ಳಗಾದ್ರೂ ಬುದ್ಧಿ ಬರ್ಲಿಲ್ಲವಲ್ಲೋ. ನಾನೆಲ್ಲಿ ಕಚ್ಚೋದು? ನಿನ್ನ ಮದ್ವೆಗೆ ಎರಡು ವರ್ಷ ಮುಂಚೇನೇ ನಂದು ಕಟ್ಟಿಸಿದ ಹಲ್ಲು. ನಿಮ್ಮ ದೊಡ್ಡಪ್ಪನಿಗೂ ಗೊತ್ತಿರ್ಲಿಲ್ಲ. ಕಡಲೆ ಮಿಠಾಯಿ ಕಚ್ಚಿದ್ರೆ ಮಿಠಾಯಿ ಜೊತೆ ಹಲ್ಲೂ ನಿನ್ನ ಕೈಗೆ ಬರ್ತಿತ್ತು. ಕುಟ್ಟಾಣೀಲಿ ಒಂದೇಟು ಹಾಕಿ ಮುರಿದಿದ್ದು ಅದು.”

“ಮತ್ತೆ ಅವತ್ತು ಯಾಕೆ ಹಾಗಂದೆ?”

“ಡಾಕ್ಟ್ರು ಕಾಯಿಲೆ ಹೆಸ್ರು ಹೇಳಿದಾಗ ನೀನು ನಕ್ಕೆ ಕಣೋ. ನೂರ ಎರಡು ಜ್ವರ, ಉಗುಳು ನುಂಗೋಕೆ ಆಗ್ತಿಲ್ಲ, ಅಂಥಾದ್ರಲ್ಲಿ ಒಂಥರಾ ನಕ್ಕೆ. ನಿಮ್ಮಮ್ಮ ಹೋದಮೇಲೆ ನೀನು ಹಂಗೆ ನಕ್ಕಿದ್ದು ನಾನು ನೋಡೇ ಇರ್ಲಿಲ್ಲ. ಅಂಥಾ ಹುಡುಗೀನ ಬಿಟ್ಕೊಡಕ್ಕಾಗುತ್ತಾ?”

ನನಗೆ ಅಳು ಬಂತು. ಮುಚ್ಚಿಟ್ಟು ಏನು ಪ್ರಯೋಜನ, ಜಗಲಿಯ ಮೇಲೆ ಕೂತು ಅತ್ತೇಬಿಟ್ಟೆ, ಅರ್ಧ ಗಡ್ಡದಲ್ಲಿ. ತುಟಿ ತಾಗಿದ ಲೋಟವನ್ನು ಹಿತ್ತಿಲಿಗೆ ಎಸೆಯುತ್ತಿದ್ದವಳು, ಮಾಡದ ಎಂಜಲಿನ ಹೆಸರನ್ನು ಇಪ್ಪತ್ತೈದು ವರ್ಷ ಹೊತ್ತುಕೊಂಡು ನಮ್ಮ ನಗೆಯನ್ನೆಲ್ಲ ಕೇಳಿಸಿಕೊಂಡಿದ್ದಳು. “ಥೂ, ಎದ್ದೇಳೋ, ಯಾರಾದ್ರೂ ನೋಡ್ತಾರೆ,” ಎಂದು ಬೈದು ಅವಳು ಮತ್ತೆ ಅವರೆಕಾಯಿ ಹಿಡಿದಳು.

ಒಳಗೆ ಹೋಗಿ ಮಂಜುಳಾಗೆ ಎಲ್ಲ ಹೇಳಿದೆ. ಇಷ್ಟು ದೊಡ್ಡ ಗುಟ್ಟು ಕೇಳಿ ಕುಸಿದು ಕೂರುತ್ತಾಳೆಂದು ಕುರ್ಚಿ ಎಳೆದು ಹಾಕಿದ್ದೆ. ಅವಳು ಒಗ್ಗರಣೆಯಿಂದ ಕಣ್ಣೆತ್ತಲಿಲ್ಲ.

“ನಂಗೆ ಮದ್ವೆ ಆದ ಎರಡ್ನೇ ದಿನಾನೇ ಗೊತ್ತು ರೀ,” ಎಂದಳು. “ಬಚ್ಚಲುಮನೇಗೆ ಕರ್ದು ಬಾಗಿಲು ಹಾಕಿ, ಹಲ್ಲು ತೆಗೆದು ನನ್ನ ಅಂಗೈ ಮೇಲಿಟ್ರು. ‘ಹೆಂಗೂ ನನ್ನ ಎಂಜಲು ತಿಂದೋಳು ಅಂತ ಊರೆಲ್ಲ ಹೇಳಿದ್ದಾಯ್ತು, ಇನ್ನು ನಿಂಗೇನು ಮುಚ್ಚುಮರೆ, ತೊಳ್ಕೊಡು ತಾಯಿ’ ಅಂದ್ರು. ಅವತ್ತಿಂದ ದಿನಾ ತೊಳೆದು ಕೊಡ್ತಿರೋದು ನಾನೇ.”